ದಾರಿ ಬದಿಯ ಶಾಸನಗಲ್ಲುಗಳ ಚಿತ್ರಕ್ಕೆ ವಿಕಿಮೀಡಿಯ ಕಾಮನ್ಸ್: ಐದು ವರ್ಷ ಬಳಸಿದ ಮೇಲೆ

ಅಂಕ: 5ಕ್ಕೆ 4

ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಊರುಗಳಲ್ಲಿ ಅಗಸಿ ಬಾಗಿಲಲ್ಲಿ, ಕೆರೆ ಏರಿ ಮೇಲೆ, ಹನುಮಪ್ಪನ ಗುಡಿ ಮಗ್ಗುಲಲ್ಲಿ ವೀರಗಲ್ಲು, ಮಾಸ್ತಿಕಲ್ಲು (ಸತಿ ಹೋದವಳ ನೆನಪಿನ ಕಲ್ಲು), ದಾನಶಾಸನಗಳು ಸಿಗುತ್ತವೆ. ರಸ್ತೆ ಅಗಲವಾದರೆ, ಗುಡಿ ಹೊಸದಾಗಿ ಕಟ್ಟಿದರೆ ಇವು ಜಾಗ ಬದಲಿಸುತ್ತವೆ, ಇಲ್ಲವೆ ಮಣ್ಣಲ್ಲಿ ಹೂತುಹೋಗುತ್ತವೆ. ಹಾಗಾಗಿ ಚಿತ್ರದಲ್ಲಿ ಅಕ್ಷರ ಓದಲು ಬರಬೇಕು, ಕಲ್ಲು ಎಲ್ಲಿತ್ತೆಂಬುದೂ ಅದರ ಜೊತೆಗೇ ಉಳಿಯಬೇಕು. ಇದಕ್ಕೆ, ಯಾರು ಬೇಕಾದರೂ ಚಿತ್ರ ಏರಿಸಿ ಯಾರು ಬೇಕಾದರೂ ಬಳಸಬಹುದಾದ ಅಂತರ್ಜಾಲದ ಸಂಗ್ರಹ ವಿಕಿಮೀಡಿಯ ಕಾಮನ್ಸ್‌ನಷ್ಟು ಒಗ್ಗುವ ಜಾಗ ಬೇರೊಂದಿಲ್ಲ. ಮೂಲ ಫೈಲನ್ನು ಕುಗ್ಗಿಸದೆ ಇಡುತ್ತದೆ, ಅಕ್ಷಾಂಶ ರೇಖಾಂಶವನ್ನು ಚಿತ್ರದಿಂದಲೇ ಓದಿಕೊಳ್ಳುತ್ತದೆ, ವಿವರಣೆ ಕನ್ನಡದಲ್ಲೇ ಬರೆಯಬಹುದು, ದುಡ್ಡಿಲ್ಲ.

ಸಂಗ್ರಹ ಎಷ್ಟು ಒಳ್ಳೆಯದಾದರೂ ಬೆಳಕು ತಪ್ಪಿದ ಚಿತ್ರ ಯಾರಿಗೂ ಬೇಡ. ‘ಬೆಳಿಗ್ಗೆ, ಸಂಜೆ ತೆಗೆಯಿರಿ’ ಅನ್ನುವ ಸಲಹೆ ಅರ್ಧ ಮಾತ್ರ ಸರಿ. ಕಲ್ಲಿನ ಮುಖ ಯಾವ ದಿಕ್ಕಿಗಿದೆ ಎಂದು ಮೊದಲು ನೋಡಬೇಕು. ದಕ್ಷಿಣಕ್ಕಿದ್ದರೆ ಚಳಿಗಾಲದ ಬೆಳಗು, ಸಂಜೆ ಬಿಸಿಲು ಪಕ್ಕದಿಂದ ಸವರಿ ಅಕ್ಷರ ಎದ್ದು ಕಾಣುತ್ತವೆ. ಪೂರ್ವಕ್ಕಿದ್ದರೆ ಎಳೆ ಬಿಸಿಲು ನೇರ ಎದುರಿಗೇ ಬಿದ್ದು ಎಲ್ಲ ಸಪಾಟಾಗಿ ಕಾಣುತ್ತದೆ. ಅದಕ್ಕೆ 11:30ರಿಂದ 12ರ ಹೊತ್ತು ಬೇಕು, ಆಗ ಬಿಸಿಲು ಮೇಲಿನಿಂದ ಇಳಿಯುತ್ತದೆ. ಪಶ್ಚಿಮಕ್ಕೆ 1ರಿಂದ 1:30. ಉತ್ತರ ಮುಖದ ಕಲ್ಲಿಗೆ ನಮ್ಮ ಕಡೆ ನಡು ಮಧ್ಯಾಹ್ನದ ಬಿಸಿಲು ತಾಗುವುದು ಮೇ ಮೊದಲ ವಾರದಿಂದ ಆಗಸ್ಟ್ 10ರ ಸುಮಾರಿನ ತನಕ. ಉಳಿದ ತಿಂಗಳ ಮಧ್ಯಾಹ್ನಕ್ಕೆ ಕನ್ನಡಿ ಅಥವಾ ಟಾರ್ಚೇ ಗತಿ.

ಟಾರ್ಚಾದರೆ ಹೊತ್ತು ಮುಳುಗಿದ ಮೇಲೆ, ಟ್ರೈಪಾಡ್ ಇಟ್ಟು, ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಶಟರ್ 2 ಸೆಕೆಂಡ್. ಟಾರ್ಚನ್ನು ಕಲ್ಲಿನಿಂದ ಒಂದು ಮೀಟರ್ ದೂರ, ಮೇಲ್ಮೈಗೆ 10–15 ಡಿಗ್ರಿ ಓರೆಯಲ್ಲಿ ಹಿಡಿಯಬೇಕು. ಒಂದೇ ಕಡೆಯಿಂದ ಹಿಡಿದರೆ ಮೋಸ ಹೋಗುತ್ತೀರಿ. ಪಕ್ಕದ ಬೆಳಕಿಗೆ ಅಡ್ಡ ಗೆರೆಯ ತಲೆಕಟ್ಟು ಕಾಣುವುದಿಲ್ಲ, ಮೇಲಿನ ಬೆಳಕಿಗೆ ಉದ್ದ ಗೆರೆ ಅಳಿಸುತ್ತದೆ. ಬೆಳಕಿನ ದಿಕ್ಕಿಗೇ ಕೊರೆದ ಗೆರೆಗೆ ನೆರಳು ಬೀಳದಿರುವುದೇ ಕಾರಣ. ನಾಲ್ಕೂ ಕಡೆಯಿಂದ ನಾಲ್ಕು ಚಿತ್ರ ತೆಗೆದು ನಾಲ್ಕನ್ನೂ ಏರಿಸಿ.

ಅಕ್ಷರ ಕಾಣಲೆಂದು ಸುಣ್ಣ, ಚಾಕ್‌ಪೀಸ್, ಹಿಟ್ಟು ಬಳಿಯುವುದು ತಪ್ಪು. ಮೆತ್ತನೆ ಒಣ ಬ್ರಷ್‌ನಿಂದ ಧೂಳು ಹೊಡೆದರೆ ಸಾಕು. ಎಣ್ಣೆ, ಕುಂಕುಮ ಹಚ್ಚಿದ್ದರೆ ಅದು ಪೂಜೆಯ ಕಲ್ಲು. ‘ಯಜಮಾನ್ರ, ಒಂದು ಫೋಟೋ ತಕ್ಕೊಳ್ಳಲೇನ್ರಿ?’ ಎಂದು ಕೇಳಿ, ಮುಟ್ಟದೆ ತೆಗೆಯಿರಿ.

ಒಂದು ಕಲ್ಲಿಗೆ: ಸುತ್ತಲಿನ ಜಾಗದೊಂದಿಗೆ ಒಂದು, ಪೂರ್ತಿ ಮುಖ ಒಂದು, 10 ಸೆಂ.ಮೀ. ಅಳತೆಪಟ್ಟಿ ಇಟ್ಟು ಒಂದು, ನಾಲ್ಕೈದು ಸಾಲಿಗೊಂದರಂತೆ ಹತ್ತಿರದ್ದು. ಬೆನ್ನು, ಅಂಚು ಬಿಡಬೇಡಿ, ಬರಹ ಅಲ್ಲಿಗೂ ಹೊರಳಿರುತ್ತದೆ. ರಾಯಚೂರು ಕೋಟೆಯ 1294ರ ಶಾಸನದ ಕಲ್ಲಿನಂತೆ ಸುಮಾರು 41 ಅಡಿ ಉದ್ದದ್ದಕ್ಕೆ ಪನೋರಮಾ ಬೇಡ, ಸಾಲು ಬಾಗುತ್ತದೆ. ಒಂದೇ ಅಂತರದಲ್ಲಿ ಸರಿಯುತ್ತಾ, ಮೂರನೇ ಒಂದು ಭಾಗ ಹಿಂದಿನದರ ಮೇಲೆ ಬರುವಂತೆ ತೆಗೆಯಿರಿ.

ಹಳೆಯ ಕಲ್ಲಿಗೆ ಹಕ್ಕುಸ್ವಾಮ್ಯದ ತಕರಾರಿಲ್ಲ. ಪಕ್ಕದ ಮಾಹಿತಿ ಫಲಕದ ಮಾತು ಬೇರೆ. ರಸ್ತೆ ಬದಿಯ ಶಿಲ್ಪ, ಕಟ್ಟಡಗಳ ಚಿತ್ರಕ್ಕೆ 1957ರ ಹಕ್ಕುಸ್ವಾಮ್ಯ ಕಾಯಿದೆಯ 52ನೇ ಕಲಮು ವಿನಾಯಿತಿ ಕೊಡುತ್ತದೆ. ಫಲಕದ ಮೇಲಿನ ಬರಹ, ನಕ್ಷೆಗಳಿಗೆ ಕೊಡುವುದಿಲ್ಲ. ಚೌಕಟ್ಟಿನ ತುಂಬಾ ಫಲಕವೇ ಇರುವ ಚಿತ್ರವನ್ನು ಕಾಮನ್ಸ್ ಅಳಿಸಿಹಾಕಬಹುದು. ಅದರ ಮಾಹಿತಿಯನ್ನು ನಿಮ್ಮ ಮಾತಲ್ಲಿ ವಿವರಣೆಗೆ ಬರೆಯಿರಿ.

ಊರವರು ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೋದಲ್ಲಿ ಸ್ಥಳದ ಗುರುತು ಉಳಿಯುವುದಿಲ್ಲ, ಚಿತ್ರವೂ ಕುಗ್ಗಿರುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಹಂಪಿ, ಹಡಗಲಿ, ಕೂಡ್ಲಿಗಿ 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಹಳೆಯ ಪುಸ್ತಕ ನೋಡಿ ಕಾಮನ್ಸ್‌ನ ಬಳ್ಳಾರಿ ವರ್ಗಕ್ಕೆ (ಕೆಟಗರಿಗೆ) ಹಾಕಬೇಡಿ.

ಒಂದು ಅಂಕ ಕಡಿಮೆ ಕೊಟ್ಟಿದ್ದು ಕಾಮನ್ಸ್‌ನ ಹುಡುಕಾಟಕ್ಕೆ. ಕಲ್ಲಿನ ಅಕ್ಷರವನ್ನು ಅದು ಓದಲಾರದು. 1915ರಲ್ಲಿ ಸಿಕ್ಕ ಮಸ್ಕಿ ಶಾಸನದಲ್ಲಿ ಅಶೋಕನ ಹೆಸರೇ ಇದ್ದರೂ, ವಿವರಣೆಯಲ್ಲಿ ‘ಅಶೋಕ, ಬ್ರಾಹ್ಮಿ, ಮಸ್ಕಿ’ ಎಂದು ಬರೆಯದ ಚಿತ್ರ ಕೈಗೆ ಸಿಗದು. ಇನ್ನೊಂದು ಮಾತು ಮೊದಲೇ ತಿಳಿದಿರಲಿ: ‘ವ್ಯಾಪಾರಕ್ಕೆ ಬಳಸಬಾರದು’ ಎಂಬ ಷರತ್ತು ಇಲ್ಲಿ ನಡೆಯದು, ಕೊಟ್ಟ ಪರವಾನಗಿಯನ್ನು ವಾಪಸ್ ಪಡೆಯಲೂ ಬರದು.

ಅದೇ ಕಲ್ಲನ್ನು ಮತ್ತೆ ತೆಗೆದಾಗ ಹಳೆಯ ಫೈಲಿನ ಮೇಲೆ ಹೇರದೆ, ದಿನಾಂಕ ಸೇರಿಸಿ ಹೊಸ ಹೆಸರಲ್ಲಿ ಏರಿಸಿ. ಕಲ್ಲು ಎಷ್ಟು ಹೂತಿದೆ, ಬಣ್ಣ ಯಾವಾಗ ಬಿತ್ತು ಎಂಬುದು ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ಗೊತ್ತಾಗುತ್ತದೆ.