ಬಿಸಿನೀರಿನ ನೈಟ್ ಗಾರ್ಡ್: ಹಲ್ಲಿಗೆ ಒಳ್ಳೆಯದು, ದವಡೆ ನೋವಿಗೆ ಇದೊಂದೇ ಸಾಲದು

ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಔಷಧಿ ಅಂಗಡಿಯಲ್ಲೇ ಒಂದು ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿಗೆ ಹಾಕಿಕೊಳ್ಳುವ ಪ್ಲಾಸ್ಟಿಕ್ ಕವಚ, ಸಿಗುತ್ತದೆ. ಬಿಸಿನೀರಿಗೆ ಹಾಕಿ, ಮೆತ್ತಗಾದ ಮೇಲೆ ಕಚ್ಚಿ, ನಮ್ಮ ಹಲ್ಲಿನ ಅಚ್ಚು ಮೂಡಿಸಿಕೊಳ್ಳಬೇಕು. ದಂತವೈದ್ಯರು ಅಳತೆ ತೆಗೆದು ಮಾಡಿಸಿಕೊಡುವ ಗಾರ್ಡ್‌ಗಿಂತ ಇದು ತುಂಬಾ ಅಗ್ಗ. ಹಲವು ತಿಂಗಳಿಂದ ಇದನ್ನು ಹಾಕಿಕೊಂಡೇ ಮಲಗುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ಹಲ್ಲು ಸವೆಯದಂತೆ ಕಾಯಲು ಇದು ಒಳ್ಳೆಯ ಸಾಧನ. ದವಡೆ ನೋವು ಹೋಗಲಿ ಎಂದು ಇದೊಂದನ್ನೇ ನಂಬಿಕೊಂಡರೆ ಸಾಲದು. ನನ್ನ ನೋವು ಇಳಿದದ್ದು ಹೆಚ್ಚಾಗಿ ಖರ್ಚೇ ಇಲ್ಲದ ಬೇರೆ ಅಭ್ಯಾಸಗಳಿಂದ.

ನನ್ನದು ಕರಡು ತಿದ್ದುವ ಕೆಲಸ. ದಿನವಿಡೀ ಪರದೆ ನೋಡುತ್ತಾ ತಪ್ಪು ಹುಡುಕಬೇಕು. ಬೆಳಿಗ್ಗೆ ಎದ್ದಾಗ ಕೆನ್ನೆ ಬಿಗಿದುಕೊಂಡಿರುತ್ತಿತ್ತು, ಕಣತಲೆ ಸಿಡಿಯುತ್ತಿತ್ತು. ಬಾಯಿ ಅಗಲಿಸಿದರೆ ಬಲಗಿವಿಯ ಮುಂದೆ ಟಕ್ ಎಂಬ ಸದ್ದು. ಕಿವಿಯ ಡಾಕ್ಟರು ನೋಡಿ, ಕಿವಿಗೆ ಏನೂ ಆಗಿಲ್ಲ, ದಂತವೈದ್ಯರನ್ನು ನೋಡಿ ಎಂದರು. ದವಡೆಯ ಕೀಲು ಇರುವುದು ಕಿವಿಯ ಮುಂದೆಯೇ. ಅದಕ್ಕೇ ಆ ನೋವು ಕಿವಿ ನೋವಿನ ಹಾಗೆ ಅನ್ನಿಸುತ್ತದೆ. ಕೀಲಿನ ಎರಡು ಮೂಳೆಗಳ ನಡುವೆ ಒಂದು ಸಣ್ಣ ಮೆತ್ತೆ ಇದೆ. ಅದು ಸ್ವಲ್ಪ ಜರುಗಿದ್ದರೆ ಬಾಯಿ ತೆರೆಯುವಾಗ ಮತ್ತೆ ಜಾಗಕ್ಕೆ ಬೀಳುತ್ತದೆ. ಟಕ್ ಎನ್ನುವ ಸದ್ದು ಸಾಮಾನ್ಯವಾಗಿ ಅದರದೇ. ನೋವಿಲ್ಲದೆ ಬರೀ ಸದ್ದು ಇದ್ದರೆ ಚಿಕಿತ್ಸೆ ಬೇಕಿಲ್ಲ. ಇದು ಗೊತ್ತಾದ ಮೇಲೆ ನನಗೆ ಅರ್ಧ ಭಯ ಹೋಯಿತು.

ಈಗ ಗಾರ್ಡ್ ವಿಷಯ. ಇಂಥವು ಹೆಚ್ಚಾಗಿ ಇವಿಎ ಎಂಬ ಮೆತ್ತನೆಯ ಪ್ಲಾಸ್ಟಿಕ್‌ನಿಂದ ಮಾಡಿದವು. ಎಷ್ಟು ಬಿಸಿಯ ನೀರು, ಎಷ್ಟು ಸೆಕೆಂಡು ಎಂಬುದು ಪೊಟ್ಟಣದ ಮೇಲೆ ಬರೆದಿರುತ್ತದೆ. ಗಡಿಯಾರ ನೋಡಿಕೊಂಡೇ ಮಾಡಿ. ಹೆಚ್ಚು ಹೊತ್ತು ಬಿಟ್ಟರೆ ಮುದುಡಿ ಆಕಾರ ಕೆಡುತ್ತದೆ. ಕಡಿಮೆಯಾದರೆ ಅಚ್ಚು ಮೂಡುವುದಿಲ್ಲ. ಚಮಚದಿಂದ ಎತ್ತಿ, ನೀರು ಇಳಿಸಿ, ಕನ್ನಡಿ ಮುಂದೆ ನಿಂತು ಮೇಲಿನ ಹಲ್ಲಿಗೆ ಕೂರಿಸಬೇಕು. ಹೊರಗಿನಿಂದ ಬೆರಳು, ಒಳಗಿನಿಂದ ನಾಲಿಗೆ ಒತ್ತಿ ಹಿಡಿದು, ಆಮೇಲೆ ತಣ್ಣೀರಿಗೆ ಹಾಕಬೇಕು. ನನ್ನದು ಹಿಂದೆ ತುಂಬಾ ಉದ್ದವಾಗಿ ವಾಕರಿಕೆ ಬರುತ್ತಿತ್ತು. ಚೂಪು ಕತ್ತರಿಯಿಂದ ಅಂಚು ಕತ್ತರಿಸಿದ ಮೇಲೆ ಸರಿಹೋಯಿತು. ಆದರೆ ಹಿಂದಿನ ಹಲ್ಲುಗಳೆಲ್ಲ ಗಾರ್ಡ್ ಒಳಗೇ ಇರಬೇಕು, ಅವು ಹೊರಗೆ ಉಳಿಯುವಷ್ಟು ಕತ್ತರಿಸಬಾರದು. ಮೊದಮೊದಲು ಜೊಲ್ಲು ಜಾಸ್ತಿ ಬರುತ್ತದೆ, ಅರ್ಧ ರಾತ್ರಿಯಲ್ಲಿ ನಮಗೇ ಗೊತ್ತಾಗದೆ ಕಿತ್ತು ದಿಂಬಿನ ಪಕ್ಕ ಇಟ್ಟಿರುತ್ತೇವೆ. ಅಭ್ಯಾಸವಾಗಲು ಸ್ವಲ್ಪ ಕಾಲ ಕೊಡಿ.

ಗಾರ್ಡ್ ಹಾಕಿದರೆ ಹಲ್ಲು ಕಡಿಯುವುದು ನಿಲ್ಲುವುದಿಲ್ಲ. ಹಲ್ಲಿನ ಬದಲು ಪ್ಲಾಸ್ಟಿಕ್ ಸವೆಯುತ್ತದೆ, ಅಷ್ಟೇ. ನನ್ನ ಗಾರ್ಡ್‌ನ ಬಲಬದಿಯಲ್ಲಿ ಎದ್ದು ಕಾಣುವ ಹಳ್ಳಗಳಿವೆ. ಅದಿಲ್ಲದಿದ್ದರೆ ಆ ಪೆಟ್ಟು ನನ್ನ ಹಲ್ಲಿಗೇ ಬೀಳುತ್ತಿತ್ತು ಅಲ್ವಾ? ಒಮ್ಮೆ ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಹಾಗಾಗಿ ಈ ಒಂದು ಕಾರಣಕ್ಕೇ ಅದು ಕೊಟ್ಟ ಹಣಕ್ಕೆ ಯೋಗ್ಯ. ಕೊರತೆಯೂ ಇದೆ. ಮೆತ್ತನೆಯ ವಸ್ತು ಬಾಯಲ್ಲಿದ್ದರೆ ಕೆಲವರು ಅದನ್ನು ಇನ್ನೂ ಜಾಸ್ತಿ ಅಗಿಯುತ್ತಾರೆ. ಬೆಳಗಿನ ನೋವು ಹೆಚ್ಚಾಯಿತು ಅನ್ನಿಸಿದರೆ ತೆಗೆದಿಡಿ. ಮುಂದಿನ ಹಲ್ಲಿಗೆ ಮಾತ್ರ ಕೂರುವ ಪುಟ್ಟ ಗಾರ್ಡ್‌ಗಳು ಇನ್ನೂ ಅಗ್ಗಕ್ಕೆ ಸಿಗುತ್ತವೆ. ಅವನ್ನು ವೈದ್ಯರ ನಿಗಾ ಇಲ್ಲದೆ ಕೊಳ್ಳಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ. ಹಿಂದಿನ ಹಲ್ಲುಗಳಿಗೆ ಆಸರೆ ಇಲ್ಲದೆ ದಿನ ಕಳೆದಂತೆ ಅವು ಜರುಗಿ, ಕಚ್ಚುವ ರೀತಿಯೇ ಬದಲಾಗಬಹುದು. ಚಿಕ್ಕ ತುಂಡಾದ್ದರಿಂದ ನಿದ್ದೆಯಲ್ಲಿ ಗಂಟಲಿಗೆ ಇಳಿಯುವ ಅಪಾಯವೂ ಇದೆ. ಹಲ್ಲಿಗೆ ತಂತಿ ಹಾಕಿಸಿಕೊಂಡವರು, ಹಲ್ಲು ಅಲ್ಲಾಡುವವರು, ಹಾಲುಹಲ್ಲಿನ ಮಕ್ಕಳು, ಇವರಿಗೆ ಬಿಸಿನೀರಿನ ಗಾರ್ಡೂ ಬೇಡ. ಮೊದಲು ವೈದ್ಯರನ್ನು ಕೇಳಬೇಕು.

ನೋವಿನ ಮಾತಿಗೆ ಬಂದರೆ, 2023ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆ ಬಹುದಿನದ ದವಡೆ ಕೀಲು ನೋವಿಗೆ ಒಂದು ಮಾರ್ಗಸೂಚಿ ಪ್ರಕಟಿಸಿತು. ತಜ್ಞರು ಮುಂದಿಟ್ಟದ್ದು ದವಡೆಯ ವ್ಯಾಯಾಮ, ಕೈಯಿಂದ ಮಾಡುವ ಫಿಸಿಯೋಥೆರಪಿ, ಒತ್ತಡವನ್ನೂ ನೋವನ್ನೂ ನಿಭಾಯಿಸಲು ಕಲಿಸುವ ಮನೋಚಿಕಿತ್ಸೆ. ನೋವಿಗೆ ಗಾರ್ಡ್ ಹಾಕುವುದನ್ನು ಅವರು ಹೆಚ್ಚಿನವರಿಗೆ ಸೂಚಿಸಲಿಲ್ಲ. ಇದನ್ನು ತಿಳಿದ ಮೇಲೆ ನನ್ನ ಅನುಭವ ಯಾಕೆ ಹಾಗಿತ್ತು ಎಂದು ಅರ್ಥವಾಯಿತು.

ನನಗೆ ಎಲ್ಲಕ್ಕಿಂತ ಜಾಸ್ತಿ ಫಲ ಕೊಟ್ಟದ್ದು ಹಗಲಿನ ಅಭ್ಯಾಸ ಬದಲಿಸಿದ್ದು. ನಾವು ರಾತ್ರಿ ಮಾತ್ರ ಹಲ್ಲು ಕಡಿಯುತ್ತೇವೆ ಅಂದುಕೊಳ್ಳುತ್ತೇವೆ. ಗಮನಿಸಿ ನೋಡಿದರೆ ಕೆಲಸದಲ್ಲಿ ಮುಳುಗಿದಾಗಲೂ ಹಲ್ಲು ಕಚ್ಚಿಕೊಂಡೇ ಇರುತ್ತೇವೆ. ಸುಮ್ನೆ ಕೂತಾಗ ಮೇಲಿನ ಮತ್ತು ಕೆಳಗಿನ ಹಲ್ಲು ಒಂದಕ್ಕೊಂದು ತಾಗಬೇಕಿಲ್ಲ. ತುಟಿ ಮುಚ್ಚಿರಲಿ, ಹಲ್ಲುಗಳ ನಡುವೆ ಸ್ವಲ್ಪ ಸಂದು ಇರಲಿ. ನಾಲಿಗೆಯ ತುದಿ ಮುಂದಿನ ಹಲ್ಲಿನ ಹಿಂದೆ, 'ಲ' ಎನ್ನುವಾಗ ತಾಗುವ ಜಾಗದಲ್ಲಿ ಹಗುರವಾಗಿ ಕೂತಿರಲಿ. ಅದು ದವಡೆಗೆ ವಿಶ್ರಾಂತಿಯ ಭಂಗಿ. ನಾನು ಪರದೆಯ ಮೂಲೆಗೆ ಒಂದು ಹಳದಿ ಚುಕ್ಕೆ ಅಂಟಿಸಿದೆ. ಅದು ಕಂಡಾಗಲೆಲ್ಲ ಹಲ್ಲು ಬಿಡಿಸಿಕೊಳ್ಳುವುದು, ಭುಜ ಇಳಿಸುವುದು, ನಿಧಾನ ಉಸಿರು ಬಿಡುವುದು. ಮೊದಲ ವಾರಗಳಲ್ಲಿ ನೋಡಿದಾಗಲೆಲ್ಲ ಹಲ್ಲು ಬಿಗಿದೇ ಇರುತ್ತಿತ್ತು. ಈಗ ಬಹುತೇಕ ಸಲ ಬಿಟ್ಟೇ ಇರುತ್ತದೆ. ಸಂಜೆಯ ತಲೆನೋವು ಮೊದಲು ಹೋಯಿತು, ಬೆಳಗಿನ ಬಿಗಿತ ಆಮೇಲೆ ಇಳಿಯಿತು.

ಇನ್ನೊಂದು ಬಿಸಿ ಶಾಖ. ಬಟ್ಟೆಯನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಎರಡೂ ಕೆನ್ನೆಗೆ 15 ರಿಂದ 20 ನಿಮಿಷ ಇಡಿ. ಚರ್ಮ ಸುಡುವಷ್ಟು ಬಿಸಿ ಬೇಡ. ಅದಾದ ಮೇಲೆ ಹಲ್ಲು ಕಚ್ಚಿದಾಗ ಉಬ್ಬುವ ಕೆನ್ನೆಯ ಸ್ನಾಯುವನ್ನು ಎರಡು ಬೆರಳಿಂದ ಮೆಲ್ಲಗೆ ಉಜ್ಜಿ. ಆಮೇಲೆ ನಾಲಿಗೆಯನ್ನು ಅಂಗುಳಿಗೆ ಒತ್ತಿಟ್ಟುಕೊಂಡೇ ಬಾಯಿ ನಿಧಾನ ತೆರೆದು ಮುಚ್ಚುವ ವ್ಯಾಯಾಮ. ನಾಲಿಗೆ ಮೇಲಿದ್ದರೆ ದವಡೆ ನೇರವಾಗಿ ತೆರೆಯುತ್ತದೆ, ಅತಿಯಾಗಿ ಅಗಲುವುದಿಲ್ಲ. ಕನ್ನಡಿಯಲ್ಲಿ ನೋಡಿಕೊಂಡು ಮಾಡಿದರೆ ವಾಲುವುದು ಕಾಣುತ್ತದೆ. ಒಂದೇ ಸಲ ಜಾಸ್ತಿ ಮಾಡುವುದಕ್ಕಿಂತ ದಿನದಲ್ಲಿ ಹಲವು ಸಲ ಸ್ವಲ್ಪ ಸ್ವಲ್ಪ ಮಾಡುವುದು ಒಳ್ಳೆಯದು. ನೋವು ಕೆರಳಿದ ದಿನ ಬಾಯಿ ಅಗಲಿಸಿ ಆಕಳಿಸಬೇಡಿ, ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಒತ್ತಿ ಹಿಡಿಯಿರಿ. ಗಟ್ಟಿ ತಿನಿಸು, ಚೂಯಿಂಗ್ ಗಮ್, ಉಗುರು ಕಚ್ಚುವುದು, ಫೋನನ್ನು ಗಲ್ಲ ಮತ್ತು ಭುಜದ ನಡುವೆ ಸಿಕ್ಕಿಸಿಕೊಳ್ಳುವುದು, ಎಲ್ಲ ಬಿಡಬೇಕು.

ಮದ್ಯ, ಸಿಗರೇಟು, ಅತಿಯಾದ ಕೆಫೀನ್ ಇವು ಹಲ್ಲು ಕಡಿತ ಹೆಚ್ಚಿಸುತ್ತವೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಇದು ಶುರುವಾಗಬಹುದು. ಆದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನೇ ಕೇಳಿ. ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಗಾರ್ಡ್ ಕೊಳ್ಳುವ ಮೊದಲು ನಿದ್ದೆಯ ತಪಾಸಣೆ ಮಾಡಿಸಿ.

ಹಲ್ಲನ್ನು ತೇಯ್ದು ಕಚ್ಚುವಿಕೆ ಸರಿಮಾಡಿ ದವಡೆ ನೋವು ಕಳೆಯುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪುವ ಮೊದಲು ಇನ್ನೊಬ್ಬ ವೈದ್ಯರನ್ನು ಕೇಳಿ. ತೇಯ್ದ ಹಲ್ಲು ವಾಪಸ್ ಬರುವುದಿಲ್ಲ. ಹೆಚ್ಚಿನವರ ನೋವು ಶಸ್ತ್ರಚಿಕಿತ್ಸೆ ಇಲ್ಲದೆಯೇ ಇಳಿಯುತ್ತದೆ. ಆದರೂ ಕೆಲವು ಲಕ್ಷಣಗಳಲ್ಲಿ ಮನೆಮದ್ದು ನೆಚ್ಚಿ ಕೂರಬಾರದು. ಬಾಯಿ ತೆರೆದಲ್ಲೇ ಅಥವಾ ಮುಚ್ಚಿದಲ್ಲೇ ಸಿಕ್ಕಿಕೊಂಡರೆ, ಬಾವು ಜ್ವರ ಬಂದರೆ ಕೂಡಲೇ ತೋರಿಸಿ. 50 ದಾಟಿದವರಿಗೆ ಹೊಸದಾಗಿ ಕಣತಲೆ ನೋವು ಬಂದು, ಅಗಿಯುವಾಗ ದವಡೆ ಸೋತು, ದೃಷ್ಟಿ ಮಂಜಾದರೆ ಅದು ರಕ್ತನಾಳದ ಉರಿಯೂತ ಇರಬಹುದು. ತಡಮಾಡಿದರೆ ಕಣ್ಣೇ ಹೋಗಬಹುದು. ದವಡೆ ನೋವಿನ ಜೊತೆ ಎದೆ ಬಿಗಿತ, ಬೆವರು, ಏದುಸಿರು ಬಂದರೆ ಹೃದಯದ ತೊಂದರೆ ಇರಬಹುದು, ತುರ್ತು ಚಿಕಿತ್ಸೆಗೆ ಓಡಿ.

ಗಾರ್ಡ್‌ನ ಆರೈಕೆ ಸುಲಭ. ಬೆಳಿಗ್ಗೆ ತಣ್ಣೀರಲ್ಲಿ ಮೆತ್ತನೆ ಬ್ರಷ್‌ನಿಂದ ತೊಳೆದು, ಒಣಗಿಸಿ, ಗಾಳಿಯಾಡುವ ಡಬ್ಬಿಯಲ್ಲಿಡಿ. ಬಿಸಿನೀರು ತಾಗಿದರೆ ಅಚ್ಚು ಕೆಡುತ್ತದೆ. ತೂತು ಬಿದ್ದರೆ, ಬಿರುಕು ಬಿಟ್ಟರೆ ಬದಲಿಸಿ. ನನ್ನದು ಬಲಗಡೆ ತೆಳ್ಳಗಾಗಿದೆ. ನನ್ನ ಹಾಗೆ ಬಲವಾಗಿ ಕಡಿಯುವವರು ಇದನ್ನು ಮತ್ತೆ ಮತ್ತೆ ಕೊಳ್ಳುವುದಕ್ಕಿಂತ, ಅಳತೆ ತೆಗೆದು ಮಾಡುವ ಗಟ್ಟಿ ಅಕ್ರಿಲಿಕ್ ಗಾರ್ಡ್‌ಗೆ ಹಣ ಕೂಡಿಡುವುದು ಮೇಲು. ನಾನೂ ಅದಕ್ಕೇ ಕೂಡಿಡುತ್ತಿದ್ದೇನೆ.