ಕೆಂಪು ಬಿಲ್ಲೆಯ ಟೈಮರ್: ಎಂಟು ತಿಂಗಳು ಬಳಸಿದ ಮೇಲೆ

"ಅಮ್ಮಾ, ಇನ್ನೂ ಎಷ್ಟು ಹೊತ್ತು?" ಹೋಂವರ್ಕ್‌ಗೆ ಕೂತ ಎರಡನೇ ನಿಮಿಷಕ್ಕೆ ನನ್ನ ಮಗ ಕೇಳುತ್ತಿದ್ದ ಪ್ರಶ್ನೆ ಇದು. "ಇನ್ನು ಸ್ವಲ್ಪ" ಅಂತ ನಾನು ಹೇಳುತ್ತಿದ್ದೆ. ಆ ಸ್ವಲ್ಪ ಅಂದರೆ ಎಷ್ಟು ಅಂತ ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಅವನಿಗೆ ಎಡಿಎಚ್‌ಡಿ ಇದೆ, ಅಂದರೆ ಗಮನ ಇಟ್ಟು ಒಂದು ಕಡೆ ಕೂರುವುದು ಕಷ್ಟ, ಜೊತೆಗೆ ಡಿಸ್‌ಗ್ರಾಫಿಯಾ, ಅಂದರೆ ಬರೆಯುವುದರಲ್ಲಿ ತೊಂದರೆ. ಬಾಯಲ್ಲಿ ಪಟಪಟ ಹೇಳುವ ಉತ್ತರ ಪೆನ್ಸಿಲ್ ಹಿಡಿದ ಕೂಡಲೇ ನಿಂತುಬಿಡುತ್ತದೆ. ಬೆಳಗ್ಗೆ ತಗೊಂಡ ಮಾತ್ರೆಯ ಪರಿಣಾಮವೂ ಸಂಜೆಗೆ ಇಳಿದಿರುತ್ತದೆ. ಮೂರನೇ ಕ್ಲಾಸಿನ ಒಂದು ಪುಟಕ್ಕೆ ಎರಡು ಗಂಟೆ, ಆಮೇಲೆ ಅವನ ಅಳು, ಒಂದೊಂದು ದಿನ ನನ್ನದೂ.

ಬರೆಯುವಂಥ ದಿನನಿತ್ಯದ ಕೆಲಸಗಳನ್ನು ಅಭ್ಯಾಸ ಮಾಡಿಸುವ ಅವನ ಒಕ್ಯುಪೇಷನಲ್ ಥೆರಪಿಸ್ಟ್ ಹೇಳಿದ್ದಕ್ಕೆ ಈ ಟೈಮರ್ ತಂದೆವು. ನೋಡಲು ಪುಟ್ಟ ಟೇಬಲ್ ಗಡಿಯಾರದ ಹಾಗಿದೆ. ಮಧ್ಯದ ಗುಂಡಿ ತಿರುಗಿಸಿದರೆ ಬೇಕಾದಷ್ಟು ನಿಮಿಷಕ್ಕೆ ಕೆಂಪು ಬಿಲ್ಲೆ ತೆರೆದುಕೊಳ್ಳುತ್ತದೆ, ಹೆಚ್ಚೆಂದರೆ 60 ನಿಮಿಷ. ಹೊತ್ತು ಹೋದ ಹಾಗೆ ಕೆಂಪು ಕಡಿಮೆಯಾಗುತ್ತಾ ಬರುತ್ತದೆ. ಗಡಿಯಾರ ನೋಡಲು ಬಾರದ ಮಗುವಿಗೂ ಎಷ್ಟು ಉಳಿದಿದೆ ಅಂತ ಕಣ್ಣಿಗೇ ಕಾಣುತ್ತದೆ. ಈ ಉಪಾಯ ಹೊಸದಲ್ಲ. 1994ರಲ್ಲಿ ಅಮೆರಿಕದ ಜಾನ್ ರೋಜರ್ಸ್ ಎಂಬ ತಾಯಿ, ಇದೇ ಪ್ರಶ್ನೆ ಕೇಳುತ್ತಲೇ ಇದ್ದ ತನ್ನ ಪುಟ್ಟ ಮಗಳಿಗಾಗಿ ಟೈಮ್ ಟೈಮರ್ ಅನ್ನೋದನ್ನು ಮಾಡಿದರು. ನಮ್ಮದು ಅದೇ ರೀತಿಯ, ಬೇರೆ ಕಂಪನಿಯದು.

ಮೊದಲ ಎರಡು ವಾರ ಇದರಿಂದ ಕಷ್ಟ ಜಾಸ್ತಿಯೇ ಆಯಿತು. ತಪ್ಪು ನನ್ನದು. ಒಂದು ಕ್ಲಾಸಿಗೆ 10 ನಿಮಿಷದ ಹಾಗೆ ಹೋಂವರ್ಕ್ ಇರಬೇಕು ಅನ್ನುವ ಲೆಕ್ಕ ಇದೆಯಲ್ವಾ, ಅದನ್ನು ಹಿಡಿದು 30ಕ್ಕೆ ಇಟ್ಟು, "ಕೆಂಪು ಹೋಗೋದ್ರೊಳಗೆ ಪೂರ್ತಿ ಬರಿ" ಅಂದೆ. ಅವನು ಬರೆಯುವುದು ಬಿಟ್ಟು ಬಿಲ್ಲೆಯನ್ನೇ ನೋಡುತ್ತಾ ಕೂತ. ಒಂದು ಸಂಜೆ ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಬೆರಳಿಂದ ಬಿಲ್ಲೆಯನ್ನು ಸೊನ್ನೆಗೆ ತಳ್ಳಿ, "ಆಯ್ತಮ್ಮಾ" ಅಂದ. ಜೋರಾಗಿ ಬೈದೆ. ಅವನು ಮಲಗಿದ ಮೇಲೆ ನೋಟ್‌ಬುಕ್ ತೆಗೆದು ನೋಡಿದರೆ ನಾಲ್ಕು ಸಾಲು ಬರೆದಿದ್ದ, ನಾಲ್ಕನೆಯದರಲ್ಲಿ ಪೆನ್ಸಿಲ್ ಒತ್ತಿ ಒತ್ತಿ ಹಾಳೆಯೇ ಹರಿದಿತ್ತು. ಕೈ ನೋಯುತ್ತಿದೆ ಅಂತ ಹೇಳಲು ಅವನಿಗೆ ತೋಚಿದ್ದು ಅದೊಂದೇ ದಾರಿ ಅನಿಸುತ್ತೆ.

ಮರುದಿನ 8 ನಿಮಿಷಕ್ಕೆ ಇಟ್ಟೆ. ಕೆಂಪು ಹೋಯಿತು ಅಂದರೆ ಪೆನ್ಸಿಲ್ ಕೆಳಗೆ, ಪದ ಅರ್ಧಕ್ಕೆ ನಿಂತಿದ್ದರೂ ಸರಿ. ಐದು ನಿಮಿಷ ಕುಣಿದು ಬಂದ ಮೇಲೆ ಇನ್ನೊಂದು 8. ಅಷ್ಟೇ. ಉಳಿದದ್ದನ್ನು ಅವನು ಬಾಯಲ್ಲಿ ಹೇಳುತ್ತಾನೆ, ನಾನು ಬರೆದು, ಪಕ್ಕದಲ್ಲಿ "ಹೇಳಿದ್ದು ಅವನು, ಬರೆದದ್ದು ನಾನು" ಅಂತ ಸಹಿ ಹಾಕುತ್ತೇನೆ. ಟೀಚರ್ ಮೊದಲು ಒಪ್ಪಲಿಲ್ಲ. ಮೂರು ವಾರ ಪ್ರತಿದಿನ ಎಷ್ಟು ನಿಮಿಷ ಕೂತ, ಎಷ್ಟು ಸಾಲು ಬರೆದ ಅಂತ ಡೈರಿಯಲ್ಲಿ ಬರೆದು ಕಳಿಸಿದ ಮೇಲೆ ಅವರೇ ಅರ್ಧ ಲೆಕ್ಕ ಮಾಡಿದರೆ ಸಾಕು ಅಂದರು. ಈಗ 12 ನಿಮಿಷ ಕೂರುತ್ತಾನೆ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಒಂದೇ ಸಾಲು ಉಳಿದಾಗ "ಅದೊಂದು ಮುಗಿಸಿಬಿಡೋ ಕಂದಾ" ಅನ್ನುವುದು ನಾಲಿಗೆ ತುದಿಗೆ ಬಂದೇ ಬರುತ್ತದೆ. ನಾನು ಒಮ್ಮೆ ಅಂದೆ. ಆಮೇಲೆ ನಾಲ್ಕು ದಿನ ಅವನು ಟೈಮರ್ ಕಡೆ ತಿರುಗಿಯೂ ನೋಡಲಿಲ್ಲ. ಕೆಂಪು ಹೋದರೂ ಅಮ್ಮ ಬಿಡಲ್ಲ ಅಂತ ಗೊತ್ತಾದ ಮೇಲೆ ಯಾಕೆ ನೋಡಬೇಕು?

ಕೊಳ್ಳುವವರು ಮೊದಲು ಸದ್ದು ಕೇಳಿ ನೋಡಿ. ನಾವು ಮೊದಲು ತಂದದ್ದು ಕೀ ಕೊಡುವ ಥರದ್ದು, ಅದರ ಟಿಕ್ ಟಿಕ್‌ಗೆ ಅವನು ಕಿವಿ ಮುಚ್ಚಿ ಟೇಬಲ್ ಕೆಳಗೆ ಹೋಗಿ ಕೂತ, ವಾಪಸ್ ಕೊಟ್ಟೆವು. ಇದು ಸದ್ದಿಲ್ಲದೆ ಓಡುತ್ತದೆ, ಆದರೆ ಕೊನೆಯ ಬೀಪ್ ತುಂಬಾ ಜೋರು, ಕಡಿಮೆ ಮಾಡಲು ಆಗಲ್ಲ, ಹಿಂದಿನ ಸ್ವಿಚ್‌ನಿಂದ ಪೂರ್ತಿ ಆಫ್ ಮಾಡಬಹುದು ಅಷ್ಟೇ. ಬಿಲ್ಲೆಯ ಮೇಲೆ ಮುಚ್ಚಳವೂ ಇಲ್ಲ. ಸೆಲ್ ಜೊತೆಗೆ ಬರಲ್ಲ. ಸಮಯ ಇಳಿಯುವುದನ್ನು ಕಂಡರೇ ಗಾಬರಿಯಾಗುವ ಮಕ್ಕಳೂ ಇದ್ದಾರೆ, ಅಂಥವರಿಗೆ ಮೊದಲು ಆಟದ ಹೊತ್ತಿಗೆ ಇಟ್ಟು ಅಭ್ಯಾಸ ಮಾಡಿಸಿ, ಆಗಲೂ ಹೆದರಿದರೆ ಬಿಟ್ಟುಬಿಡಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ನಿನ್ನೆ ನಾನು ಫೋನ್ ಹಿಡಿದು ಕೂತಿದ್ದಾಗ ಮಗ ಟೈಮರ್ ತಂದು ನನ್ನ ಮುಂದೆ ಇಟ್ಟ. 5 ನಿಮಿಷಕ್ಕೆ ತಿರುಗಿಸಿ, "ಅಮ್ಮಾ, ಇಷ್ಟೇ, ಆಮೇಲೆ ನನ್ನ ಜೊತೆ ಆಡಬೇಕು" ಅಂದ.