ಝಾಂಬಿ ಪಂಜರವೋ, ಕತ್ತಲೆ ಗೋಪುರವೋ?

ಬೇಸಿಗೆ ರಜೆಗೆ ಹಾವೇರಿಯಿಂದ ಗದುಗಿಗೆ ಬಂದಿದ್ದ ಅಕ್ಕನ ಮಗ ನನಗೆ ಮೈನ್‌ಕ್ರಾಫ್ಟ್ ಎಂಬ, ಘನಾಕಾರದ ಬ್ಲಾಕ್‌ಗಳಿಂದ ಲೋಕ ಕಟ್ಟುವ ವಿಡಿಯೋ ಆಟದ ಹುಚ್ಚು ಹಿಡಿಸಿ ಹೋದ. ಇದ್ದ ಎರಡು ವಾರಗಳಲ್ಲಿ, ಕಂಪ್ಯೂಟರಿನಲ್ಲಿ ಆಡುವ ಜಾವಾ ಆವೃತ್ತಿಯ ಒಂದೇ ಲೋಕದಲ್ಲಿ, ಶತ್ರುಗಳನ್ನು ಹುಟ್ಟಿಸಿ ಕೊಯ್ಲು ಮಾಡುವ ಎರಡು ವ್ಯವಸ್ಥೆಗಳನ್ನು ಕಟ್ಟಿದೆವು. ಅವನದು ನೆಲದಡಿ, ನನ್ನದು ನೆಲದ ಮೇಲೆ.

ಅವನಿಗೆ ಸಿಕ್ಕಿದ್ದು ಝಾಂಬಿ ಸ್ಪಾನರ್, ಅಂದರೆ ಝಾಂಬಿಗಳನ್ನು ಹುಟ್ಟಿಸುವ ಪಂಜರ. ಜೋಳ ತುಂಬುವ ಹಗೇವಿನಂಥ ಕತ್ತಲೆ ಕೋಣೆ, ನಡುವೆ ಆ ಪಂಜರ. ಆಟಗಾರ 16 ಬ್ಲಾಕ್‌ಗಳೊಳಗೆ ಬಂದರೆ ಮಾತ್ರ ಅದಕ್ಕೆ ಜೀವ. 10ರಿಂದ 40 ಸೆಕೆಂಡಿಗೊಮ್ಮೆ ಗರಿಷ್ಠ ನಾಲ್ಕು ಝಾಂಬಿಗಳು ಹುಟ್ಟುತ್ತವೆ. ಸುತ್ತ ಆರು ಸೇರಿದರೆ ಪಂಜರ ಸುಮ್ಮನಾಗುತ್ತದೆ. ಹಾಗಾಗಿ ನೀರು ಹರಿಸಿ ಅವುಗಳನ್ನು ಕೂಡಲೇ 22 ಬ್ಲಾಕ್ ಆಳದ ಬಾವಿಗೆ ಕೆಡವಿದ. ಅಷ್ಟು ಎತ್ತರದಿಂದ ಬಿದ್ದ ಝಾಂಬಿಗೆ ಅರ್ಧ ಹೃದಯದಷ್ಟು ಜೀವ ಉಳಿಯುತ್ತದೆ, ಕತ್ತಿಯ ಒಂದೇ ಏಟು ಸಾಕು. ಮಧ್ಯಾಹ್ನದೊಳಗೆ ಕೆಲಸ ಮುಗಿದಿತ್ತು.

ನಾನು ಪಂಜರವಿಲ್ಲದೆ ಶತ್ರುಗಳು ತಾವಾಗಿ ಹುಟ್ಟುವ ಕತ್ತಲೆ ಗೋಪುರಕ್ಕೆ ಗಂಟುಬಿದ್ದೆ. ಝಾಂಬಿಯ ಕೊಳೆತ ಮಾಂಸ ಯಾರಿಗೆ ಬೇಕು? ನನಗೆ ಕ್ರೀಪರ್ ಎಂಬ ಶತ್ರು ಸತ್ತಾಗ ಸಿಗುವ ಸಿಡಿಮದ್ದು ಬೇಕಿತ್ತು. ಮುಚ್ಚಿದ ಅಂತಸ್ತುಗಳು, ನಡುವೆ ಕಾಲುವೆ, ಅದರಂಚಿಗೆ ತೆರೆದ ಟ್ರ್ಯಾಪ್‌ಡೋರ್‌ಗಳು, ಅಂದರೆ ನೆಲಬಾಗಿಲುಗಳು. ತೆರೆದದ್ದನ್ನೂ ನೆಲವೆಂದೇ ನಂಬಿ ಕಾಲಿಡುವ ದಡ್ಡತನ ಈ ಜೀವಿಗಳಿಗಿದೆ. ಮೂರು ದಿನ ಕಲ್ಲು ಹೊತ್ತು ಕಟ್ಟಿ, ಬುಡದಲ್ಲಿ ಕಾದು ನಿಂತೆ. ಗಿರಮಿಟ್ ತಟ್ಟೆ ಖಾಲಿಯಾದರೂ ಬಿದ್ದದ್ದು ಎರಡೇ ಅಸ್ಥಿಪಂಜರಗಳು.

ಮೊದಲ ತಪ್ಪು ಒಳಗೇ ಇತ್ತು. ಕಟ್ಟುವಾಗ ಹಚ್ಚಿದ ಟಾರ್ಚ್ (ಪಂಜು) ಒಂದನ್ನು ಕೀಳಲು ಮರೆತಿದ್ದೆ. 2021ರ 1.18 ಆವೃತ್ತಿಯಿಂದ ಟಾರ್ಚಿನಂಥ ಬೆಳಕು ಪೂರ್ತಿ ಸೊನ್ನೆಯಾದಲ್ಲಿ ಮಾತ್ರ ಶತ್ರುಗಳು ಹುಟ್ಟುತ್ತವೆ. ಅದಕ್ಕೂ ಮುಂಚೆ ಬೆಳಕಿನ ಮಟ್ಟ 7ರವರೆಗೆ ನಡೆಯುತ್ತಿತ್ತು. ಟಾರ್ಚಿನ ಬೆಳಕಿನ ಮಟ್ಟ 14, ಬ್ಲಾಕಿಗೊಂದರಂತೆ ಇಳಿಯುತ್ತದೆ. ಅದನ್ನು ಕಿತ್ತ ಮೇಲೂ ಕೆಳಗಿನ ಅಂತಸ್ತು ಮೂಲೆಗಳನ್ನು ಬಿಟ್ಟರೆ ಬರಡಾಗಿಯೇ ಇತ್ತು. ಆಟಗಾರನ ಸುತ್ತಲಿನ 24 ಬ್ಲಾಕ್‌ಗಳೊಳಗೆ ತಾವಾಗಿ ಏನೂ ಹುಟ್ಟುವುದಿಲ್ಲ, ನಾನು ನಿಂತದ್ದು 22 ಬ್ಲಾಕ್ ಕೆಳಗೆ! ಪಂಜರಕ್ಕೆ ನಾವು ಹತ್ತಿರ ಇರಬೇಕು, ಗೋಪುರಕ್ಕೆ ದೂರ. ಈ ಒಂದು ವ್ಯತ್ಯಾಸ ತಿಳಿಯಲು ನನಗೆ ಮೂರು ದಿನ ಹಿಡಿಯಿತು.

"ಮಾಮಾ, ನಿಮ್ಮ ಸೈನ್ಯವೆಲ್ಲ ಗವಿಯಲ್ಲಿದೆ" ಎಂದ ಅಳಿಯ, ಎಫ್3 ಕೀಲಿ ಒತ್ತಿ ತೆರೆಗೆ ಬಂದ ಲೆಕ್ಕ ತೋರಿಸುತ್ತ. ಒಬ್ಬನೇ ಆಡುವಾಗ ಲೋಕದಲ್ಲಿ ತಾವಾಗಿ ಹುಟ್ಟುವ ಶತ್ರುಗಳ ಮಿತಿ 70. ಅಷ್ಟೂ ನನ್ನ ಕಾಲಡಿಯ ಬೆಳಕಿಲ್ಲದ ಗವಿಗಳಲ್ಲಿ ತಿರುಗಾಡುತ್ತಿದ್ದವು. ಅವನ ಪಂಜರಕ್ಕೆ ಈ ಮಿತಿಯ ಹಂಗೇ ಇಲ್ಲ.

ಗವಿಗಳಿಗೆಲ್ಲ ದೀಪ ಹಚ್ಚುವ ತಾಳ್ಮೆ ನನಗಿರಲಿಲ್ಲ. ಗೋಪುರವನ್ನು ಒಡೆದು ಸಮುದ್ರದ ಮೇಲೆ ಕಟ್ಟಿದೆ. ನಿಲ್ಲುವ ಜಾಗ 200ರ ಎತ್ತರದಲ್ಲಿ, ಅಂತಸ್ತುಗಳು ಅದಕ್ಕೂ 30 ಬ್ಲಾಕ್ ಮೇಲೆ. ಅಷ್ಟು ಎತ್ತರದಿಂದ ಬಿದ್ದರೆ ಝಾಂಬಿ, ಕ್ರೀಪರ್ ಯಾವುದೂ ಉಳಿಯುವುದಿಲ್ಲ. 128 ಬ್ಲಾಕ್ ಆಚೆ ಶತ್ರು ಉಳಿಯುವುದಿಲ್ಲವಾದ್ದರಿಂದ ಕೆಳಗಿನ ಗವಿಗಳು ಲೆಕ್ಕದಿಂದಲೇ ಹೊರಬಿದ್ದವು. ಎತ್ತರ ಹೆಚ್ಚಿದಷ್ಟೂ, ಶತ್ರುವನ್ನು ಹುಟ್ಟಿಸಲು ಆಟ ಮೇಲಿನಿಂದ ಕೆಳಗಿನವರೆಗೆ ಜಾಗ ಹುಡುಕುವ ಕಂಬ ಉದ್ದವಾಗಿ ಹುಟ್ಟುವ ವೇಗ ತುಸು ತಗ್ಗುತ್ತದೆ. ಆದರೂ ಸಿಡಿಮದ್ದು ಪೆಟ್ಟಿಗೆ ತುಂಬತೊಡಗಿತು.

ಹೊಸದಾಗಿ ಆಡುವವರು ಪಂಜರ ಸಿಕ್ಕರೆ ಗೋಪುರದ ಗೊಡವೆಗೆ ಹೋಗಬೇಡಿ. ಶತ್ರು ಬಿದ್ದು ಸತ್ತರೆ, ಕತ್ತಿಗೆ ಮಂತ್ರ ಹಾಕಿಸಲು ಬೇಕಾದ ಅನುಭವದ ಅಂಕ ಸಿಗುವುದಿಲ್ಲ, ನಾವೇ ಹೊಡೆಯಬೇಕು. ಅದಕ್ಕೆ ಅಳಿಯನ ಬಾವಿಯೇ ಲೇಸು. ಸಿಡಿಮದ್ದಿನ ರಾಕೆಟ್ ಹಾರಿಸುವ ಚಟ ನನ್ನದು, ನಾನು ಗೋಪುರ ಬಿಡುವುದಿಲ್ಲ. ಕತ್ತಿಗೆ ಮಂತ್ರ ಹಾಕಿಸಬೇಕಾದಾಗ ಮಾತ್ರ ಅವನ ಹಗೇವಿಗೆ ಇಳಿಯುತ್ತೇನೆ, ಅವನಿಗೆ ಹೇಳದೆ.